ಪಕ್ಕದಲ್ಲಿ ಕುಳಿತವನು

ನಮ್ಮ ಕಛೇರಿಗಳಲ್ಲಿ ಪಿಟೀಲು, ಮೃದಂಗ ನುಡಿಸುವವರನ್ನು ಪಕ್ಕವಾದ್ಯದವರು ಎನ್ನುತ್ತೇವೆ. ಆ ಮಾತಿನಲ್ಲಿ ಗೌರವವೂ ಇದೆ, ತುಸು ಕಡೆಗಣನೆಯೂ ಇದೆ. ಸಮುದ್ರದಾಚೆಯ ಜಾಝ್ ಸಂಗೀತದಲ್ಲೂ ಇದೇ ಕತೆ ಎಂದು ನನಗೆ ಮನವರಿಕೆಯಾದದ್ದು ಟಾಮಿ ಫ್ಲಾನಗನ್ ಎಂಬ ಪಿಯಾನೋ ವಾದಕನ ಬದುಕನ್ನು ಓದಿದಾಗ.

ಫ್ಲಾನಗನ್ ಹುಟ್ಟಿದ್ದು 1930ರಲ್ಲಿ, ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ. ಆರು ಮಕ್ಕಳಲ್ಲಿ ಕಡೆಯವನು. ತಂದೆಗೆ ಅಂಚೆ ಇಲಾಖೆಯ ಕೆಲಸ. ಆರು ವರ್ಷದವನಿದ್ದಾಗ ಕೈಗೆ ಸಿಕ್ಕದ್ದು ಕ್ಲಾರಿನೆಟ್. ಹನ್ನೊಂದರ ಸುಮಾರಿಗೆ ಗ್ಲ್ಯಾಡಿಸ್ ಡಿಲ್ಲಾರ್ಡ್ ಎಂಬ ಶಿಕ್ಷಕಿಯ ಬಳಿ ಪಿಯಾನೋ ಪಾಠ. (ಕಲಾವಿದರ ಚರಿತ್ರೆಗಳಲ್ಲಿ ಇಂಥ ಮೇಡಂಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನಾನೂ ಅದೇ ವೃತ್ತಿಯವಳಾದ್ದರಿಂದ ಆ ಹೆಸರನ್ನು ಬಿಡಲು ಮನಸ್ಸು ಬರಲಿಲ್ಲ.) ಎರಡು ವರ್ಷ ಸೈನ್ಯದಲ್ಲಿದ್ದು ಬಂದು, 1956ರಲ್ಲಿ ನ್ಯೂಯಾರ್ಕ್ ಸೇರಿದ. ಅದೇ ವರ್ಷ ಸೋನಿ ರೋಲಿನ್ಸ್‌ನ 'ಸ್ಯಾಕ್ಸೊಫೋನ್ ಕೊಲೊಸಸ್' ಧ್ವನಿಮುದ್ರಿಕೆಯಲ್ಲಿ ಆತನ ಪಿಯಾನೋ ಇದೆ. ಬಂದ ವರ್ಷವೇ ಅಷ್ಟು ದೊಡ್ಡವರ ಪಕ್ಕದಲ್ಲಿ ಜಾಗ ಸಿಕ್ಕಿತು ಎಂದರೆ ಕೈಯಲ್ಲಿ ಬಲವಿತ್ತು ಎಂದೇ ಅರ್ಥ.

ಆದರೆ ಜಾಝ್ ಅಭಿಮಾನಿಗಳ ಬಾಯಲ್ಲಿ ಆತನ ಹೆಸರು ಬರುವುದು ಬೇರೊಂದು ಕಾರಣಕ್ಕೆ. 1959ರ ಮೇ ತಿಂಗಳಲ್ಲಿ ಜಾನ್ ಕೋಲ್ಟ್ರೇನ್ 'ಜಯಂಟ್ ಸ್ಟೆಪ್ಸ್' ಎಂಬ ತನ್ನ ಹೊಸ ರಚನೆಯನ್ನು ಮುದ್ರಿಸಿದ. ಸಾಮಾನ್ಯವಾಗಿ ಒಂದು ಹಾಡು ಒಂದು ಶ್ರುತಿಯ ಮನೆಯಿಂದ ಹೊರಟು, ಸುತ್ತಾಡಿ, ಅದೇ ಮನೆಗೆ ಮರಳುತ್ತದೆ. ಇದರಲ್ಲಿ ಮನೆಗಳೇ ಮೂರು. ಎರಡೆರಡು ಎಣಿಕೆಗೆ ಸ್ವರಮೇಳ ಬದಲಾಗುತ್ತಾ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರಬೇಕು. ಕೋಲ್ಟ್ರೇನ್ ಆ ದಾರಿಯಲ್ಲಿ ಬಹಳ ಕಾಲ ನಡೆದು ನೋಡಿದ್ದ. ಫ್ಲಾನಗನ್‌ಗೆ ಸ್ವರಮೇಳಗಳು ಮೊದಲೇ ಸಿಕ್ಕಿದ್ದವು, ವೇಗ ಮಾತ್ರ ಗೊತ್ತಿರಲಿಲ್ಲ. ಮೆಲ್ಲನೆಯ ಹಾಡೆಂದು ತಿಳಿದಿದ್ದೆ ಎಂದು ಆತನೇ ಆಮೇಲೆ ಹೇಳಿಕೊಂಡಿದ್ದಾನೆ. ಸ್ಟುಡಿಯೋದಲ್ಲಿ ಅದು ಓಡುವ ಕುದುರೆಯಾಗಿತ್ತು. ಆತನ ಸರದಿ ಬಂದಾಗ ಬೆರಳು ಸ್ವಲ್ಪ ದೂರ ಓಡಿ, ತಡವರಿಸಿ, ಕೊನೆಗೆ ಬರಿಯ ಸ್ವರಮೇಳಗಳನ್ನು ಬಿಡಿಬಿಡಿಯಾಗಿ ಒತ್ತುತ್ತದೆ. ಅದಕ್ಕೂ ಕೆಲವು ವಾರ ಮುಂಚೆ ಇದೇ ರಚನೆಯನ್ನು ಮುದ್ರಿಸಲು ಕುಳಿತಿದ್ದ ಸೀಡರ್ ವಾಲ್ಟನ್ ಆ ಮುದ್ರಣದಲ್ಲಿ ತನ್ನದೇ ಸರದಿಯನ್ನು ನುಡಿಸಲೇ ಇಲ್ಲ. ಅದನ್ನು ಯಾರೂ ಎತ್ತಿ ಆಡುವುದಿಲ್ಲ. ನುಡಿಸಲು ಹೋದವನ ತಡವರಿಕೆ ಮಾತ್ರ ಚರಿತ್ರೆಯಾಯಿತು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಆತನ ನಿಜವಾದ ಸಾಧನೆ ಇನ್ನೊಂದು ಕಡೆ ಇದೆ, ಅದು ಸುಲಭಕ್ಕೆ ಕಿವಿಗೆ ಬೀಳುವಂಥದಲ್ಲ. 1963ರಿಂದ 65ರವರೆಗೆ, ಮತ್ತೆ 1968ರಿಂದ 78ರವರೆಗೆ, ಎಲಾ ಫಿಟ್ಜೆರಾಲ್ಡ್ ಹಾಡುವಾಗ ಪಿಯಾನೋಗೆ ಕುಳಿತವನು ಈತ. ನಡುವೆ ಸ್ವಲ್ಪ ಕಾಲ ಟೋನಿ ಬೆನೆಟ್ ಜೊತೆಗೂ ಇದ್ದ. ಎಲಾ ಹಾಡಿನ ಮಾತು ಬಿಟ್ಟು ಬರಿಯ ಧ್ವನಿಯಲ್ಲೇ ಸ್ವರಗಳನ್ನು ಹೆಣೆಯುತ್ತಾ ಎಲ್ಲಿಗೆ ಬೇಕಾದರೂ ಹೋಗಬಲ್ಲ ಗಾಯಕಿ. 1964ರಲ್ಲಿ ಫ್ರಾನ್ಸಿನ ಕಡಲತೀರದ ಜ್ವಾನ್-ಲೆ-ಪ್ಯಾಂನಲ್ಲಿ ಬಯಲು ಕಛೇರಿ. ಸುತ್ತಲಿನ ಕೀಟಗಳ ಕಿರ್‌ಗುಟ್ಟುವಿಕೆ ಹಾಡಿಗೇ ಅಡ್ಡ ಬಂತು. ಆಕೆ ಸಿಟ್ಟಾಗಲಿಲ್ಲ, ಆ ಕ್ಷಣಕ್ಕೆ ಅದರ ಮೇಲೇ ಒಂದು ಹಾಡು ಕಟ್ಟಿದರು. ಅದು 'ಕ್ರಿಕೆಟ್ ಸಾಂಗ್' ಎಂಬ ಹೆಸರಿನಲ್ಲಿ ಮುದ್ರಿಕೆಯಲ್ಲೂ ಇದೆ. ಅಭ್ಯಾಸವಿಲ್ಲದ, ಬರೆದಿಡದ ಹಾಡಿಗೆ ಹಿಂದೆ ಪಿಯಾನೋದಲ್ಲಿ ನೆಲ ಹಾಸಿಕೊಟ್ಟವನು ಫ್ಲಾನಗನ್.

ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರಿಗೆ ಹಾರ್ಮೋನಿಯಂ ಹಿಡಿದು ಕುಳಿತ ನನಗೆ ಇದರ ಕಷ್ಟದ ಚೂರು ಗೊತ್ತು. ಹುಡುಗಿ ಗಾಬರಿಯಲ್ಲಿ ಒಂದು ಸಾಲು ಹಾರಿಸಿದರೆ ನಾವೂ ಹಾರಬೇಕು, ಸಭೆಗೆ ತಿಳಿಯಬಾರದು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಎಂದು ಬೆನ್ನು ನೋಡಿಯೇ ಅರಿಯಬೇಕು. ಅವಳ ಸ್ವರದ ಮೇಲೆ ನಮ್ಮ ಸ್ವರ ಬೀಳಬಾರದು. ಇದನ್ನೇ ಫ್ಲಾನಗನ್ ದೇಶದೇಶಗಳ ವೇದಿಕೆಗಳಲ್ಲಿ ಒಟ್ಟು ಹನ್ನೆರಡು ವರ್ಷ ಮಾಡಿದ. ಗಾಯಕಿ ಬರುವ ಮುನ್ನ ಬಾಸ್, ಡ್ರಮ್ಮಿನವರೊಡನೆ ಒಂದೆರಡು ನುಡಿಸುವ ಅವಕಾಶವಿತ್ತು, ಅಷ್ಟೇ. ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು: 1960ರ ಒಂದು ಧ್ವನಿಮುದ್ರಿಕೆ ಬಿಟ್ಟರೆ ತನ್ನ ಹೆಸರಿನ ಮುಂದಿನ ಮುದ್ರಿಕೆಗೆ 1975ರ ಟೋಕಿಯೋದವರೆಗೆ ಕಾಯಬೇಕಾಯಿತು. ಮೂವತ್ತರಿಂದ ನಲವತ್ತೈದು, ಕಲಾವಿದನ ಗಟ್ಟಿ ವಯಸ್ಸು. ಆ ಹದಿನೈದು ವರ್ಷಗಳನ್ನು ನಷ್ಟ ಎಂದು ಬರೆಯುವವರಿದ್ದಾರೆ. ಫಿಟ್ಜೆರಾಲ್ಡ್ ಮುದ್ರಿಕೆಗಳನ್ನು ಪಿಯಾನೋದ ಕಡೆಗೆ ಕಿವಿಯಿಟ್ಟು ಕೇಳಿದವರು ಹಾಗೆ ಬರೆಯಲಾರರು.

1978ರಲ್ಲಿ ಹೃದಯಾಘಾತವಾಯಿತು. ಆ ಅಲೆದಾಟ ಬಿಟ್ಟು, ತನ್ನದೇ ಮೂವರ ಮೇಳ ಕಟ್ಟಿ ನ್ಯೂಯಾರ್ಕಿನಲ್ಲಿ ನುಡಿಸತೊಡಗಿದ. 1982ರಲ್ಲಿ ಆತ ಮಾಡಿದ ಮುದ್ರಿಕೆಯ ಹೆಸರು ಏನಿರಬಹುದು ಹೇಳಿ? 'ಜಯಂಟ್ ಸ್ಟೆಪ್ಸ್'. ಕೋಲ್ಟ್ರೇನ್ 1967ರಲ್ಲೇ ತೀರಿಕೊಂಡಿದ್ದ. ಅವನ ನೆನಪಿಗೆಂದೇ ಮಾಡಿದ ಮುದ್ರಿಕೆ. ಜಾರ್ಜ್ ಮ್ರಾಜ್ ಬಾಸ್, ಆಲ್ ಫಾಸ್ಟರ್ ಡ್ರಮ್. ಇಪ್ಪತ್ತಮೂರು ವರ್ಷ ಹಿಂದೆ ಬೆರಳಿಗೆ ಸಿಗದ ದಾರಿಯಲ್ಲಿ ಈಗ ಸರಾಗ ನಡಿಗೆ. 1993ರಲ್ಲಿ ಡೆನ್ಮಾರ್ಕಿನ ಜಾಝ್‌ಪಾರ್ ಪ್ರಶಸ್ತಿ ಬಂತು. ಅದೇ ವರ್ಷ ಎಲಾ ಹೆಸರಿಗೆ ಅರ್ಪಿಸಿ ಇನ್ನೊಂದು ಮುದ್ರಿಕೆ ಮಾಡಿದ. ಅದರಲ್ಲಿ ಗಾಯಕಿಯಿಲ್ಲ, ಆಕೆಯ ಹಾಡುಗಳನ್ನು ಪಿಯಾನೋವೇ ಹೇಳುತ್ತದೆ. ಆಕೆ 1996ರಲ್ಲಿ, ಆತ 2001ರ ನವೆಂಬರಿನಲ್ಲಿ ತೀರಿಕೊಂಡರು.