ಕೇಪಿನ ಕೋವಿ ಮತ್ತು ಕಾನೂನಿನ ನಂಬಿಕೆ

'ಟ್ವೆಲ್ ಬೋರ್' ಕೋವಿ ಅಂತಾರಲ್ಲ, ಆ ಹನ್ನೆರಡು ಯಾವುದರ ಲೆಕ್ಕ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸವನ್ನು, ಅಂದರೆ ಸುಮಾರು 454 ಗ್ರಾಂ, ಒಂದೇ ಅಳತೆಯ 12 ಗುಂಡುಗಳಾಗಿ ಎರಕ ಹೊಯ್ದರೆ ಅದರಲ್ಲೊಂದು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ ಅಂತ ಅರ್ಥ. ಅದೇ ಸೀಸವನ್ನು 16 ಗುಂಡು ಮಾಡಿದರೆ 16 ಬೋರ್. ಹಾಗಾಗಿ ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಕೋವಿ ಇಟ್ಟುಕೊಂಡವನು ಗುಂಡನ್ನೂ ತಾನೇ ಮಾಡಿಕೊಳ್ಳುತ್ತಿದ್ದ ಕಾಲದ ಅಳತೆ ಇದು.

ಅಮೆರಿಕದಲ್ಲಿ ಇದು ಈಗಲೂ ದೊಡ್ಡ ಹವ್ಯಾಸ. ಖಾಲಿಯಾದ ಹಿತ್ತಾಳೆ ತೋಟಾವನ್ನು ಬಿಸಾಡದೆ ಮನೆಯ ಗ್ಯಾರೇಜಿನಲ್ಲೇ ಮತ್ತೆ ತುಂಬಿ, ಭಾನುವಾರ ಗುರಿ ಹೊಡೆಯಲು ಹೋಗುತ್ತಾರೆ. ನಿವೃತ್ತ ಸೈನಿಕರಿಗಂತೂ ಇದು ಬಹಳ ಪ್ರೀತಿ. 'ರೀಲೋಡಿಂಗ್' ಅಂತ ಕರೆಯುತ್ತಾರೆ. ನಮ್ಮ ದೇಶದಲ್ಲಿ ಹಾಗೆ ಮಾಡುವಂತಿಲ್ಲ. ಮದ್ದುಗುಂಡು ತಯಾರಿಸಲು ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಬೇರೆಯೇ ಪರವಾನಗಿ ಬೇಕು. ಆದರೆ ಕಾರ್ಕಳದ ಆಚೆ ಘಟ್ಟದ ಬುಡದಲ್ಲಿ ಬೆಳೆದ ನನ್ನಂಥವರಿಗೆ ಕೈಯಾರೆ ಮದ್ದು ತುಂಬುವುದು ಹೊಸ ಸಂಗತಿಯೇನಲ್ಲ. ನಮ್ಮ ಕಡೆಯ ಕೇಪಿನ ಕೋವಿಯ ಪ್ರತಿಯೊಂದು ಈಡೂ ಕೈಯಿಂದ ತುಂಬಿದ್ದೇ. ನಳಿಗೆಯ ಬಾಯಿಂದ ಮದ್ದು, ಚರೆ ಹಾಕಿ, ಸರಳಿನಿಂದ ಜಡಿದು, ಹಿಂದೆ ಕೇಪು ಕೂರಿಸಬೇಕು. ಒಂದು ಈಡು ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಹಂದಿ ಪಕ್ಕದ ಗ್ರಾಮಕ್ಕೆ ಮುಟ್ಟಿರುತ್ತದೆ.

ಈ ಕೇಪಿಗೂ ಒಂದು ಕತೆ ಉಂಟು. ಮೊದಲಿನ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದಿಗೆ ಬೆಂಕಿ ಹತ್ತಬೇಕಿತ್ತು. ಕಿಡಿ ಮಿಂಚಿದ್ದೇ ತಡ, ಗುಂಡು ಹೊರಡುವ ಮೊದಲೇ ಹಕ್ಕಿ ಹಾರಿಹೋಗುತ್ತಿತ್ತು. ಸ್ಕಾಟ್ಲೆಂಡಿನ ಪಾದ್ರಿ, ಬೇಟೆಯ ಹುಚ್ಚಿನ ಅಲೆಕ್ಸಾಂಡರ್ ಫೋರ್ಸಿತ್‌ಗೆ ಇದೇ ತಲೆನೋವು. ಪೆಟ್ಟು ಬಿದ್ದ ಕೂಡಲೇ ಸಿಡಿಯುವ ರಾಸಾಯನಿಕ ಬಳಸಿ ಅವನು 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಮುಂದೆ ಬಂದದ್ದೇ ತಾಮ್ರದ ಪುಟ್ಟ ಟೋಪಿಯಂಥ ಕೇಪು. ಪಾದ್ರಿಯ ಹಕ್ಕಿ ಬೇಟೆಯ ಉಪಾಯ ಹೀಗೆ ನಮ್ಮ ಗದ್ದೆಯ ಹಂದಿಗೂ ಬಂತು!

ಮದ್ದು ತುಂಬುವ ಕೆಲಸ ನಮ್ಮ ಚರಿತ್ರೆಯನ್ನೇ ಬದಲಾಯಿಸಿದ್ದು 1857ರಲ್ಲಿ. ಎನ್‌ಫೀಲ್ಡ್ ರೈಫಲಿನ ಕಾಗದದ ತೋಟಾವನ್ನು ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಅದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿಯಿಂದ ಏನಾಯಿತು ಎನ್ನುವುದು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ದಂಗೆಗೆ ಹೆದರಿದ ಕಂಪನಿ ಸರಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಿತು. ಮುಧೋಳದ ಬಳಿಯ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೇ ಬೆಂಕಿ ಇಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಲಾವಣಿಯಾಗಿ ಉಳಿದು ನಮ್ಮ ಪಠ್ಯಪುಸ್ತಕಕ್ಕೂ ಬಂದ ಕತೆ ಇದು.

1878ರಲ್ಲಿ ವೈಸರಾಯ್ ಲಿಟ್ಟನ್ ಎರಡು ಕಾಯ್ದೆ ತಂದ. ಒಂದು ದೇಶಭಾಷೆಯ ಪತ್ರಿಕೆಗಳ ಬಾಯಿ ಮುಚ್ಚಿಸಲು, ಇನ್ನೊಂದು ಕೋವಿಗೆ ಪರವಾನಗಿ ಕಡ್ಡಾಯ ಮಾಡಲು. ಪತ್ರಿಕೆಯ ಕಾಯ್ದೆ ಮುಂದಿನ ವೈಸರಾಯ್ ರಿಪ್ಪನ್ ಕಾಲಕ್ಕೇ ರದ್ದಾಯಿತು. ಕೋವಿಯದ್ದು ಸ್ವಾತಂತ್ರ್ಯ ಬಂದ ಮೇಲೂ ನಡೆಯಿತು. ಯುರೋಪಿಯನ್ನರಿಗೆ ಮೊದಲು ಇದರಿಂದ ವಿನಾಯಿತಿ ಇತ್ತು. ಅಂದರೆ ಕಾನೂನು ಕೋವಿಯನ್ನಲ್ಲ, ಅದನ್ನು ಹಿಡಿದ ಮನುಷ್ಯ ಯಾರು ಅಂತ ನೋಡುತ್ತಿತ್ತು.

ಇದು ಎಷ್ಟು ನಿಜ ಅಂತ ತಿಳಿಯಲು ನಮ್ಮ ಘಟ್ಟದ ಎರಡು ಬದಿಯನ್ನು ನೋಡಿದರೆ ಸಾಕು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ನುಗ್ಗಿ ಸುಮಾರು ಎರಡು ವಾರ ಊರನ್ನು ಹಿಡಿದಿಟ್ಟುಕೊಂಡಿತು. ಈ ದಂಗೆಯಲ್ಲಿ ಕೊಡಗಿನವರೂ ಇದ್ದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯಲ್ಲೇ ಗಲ್ಲಿಗೇರಿಸಿದರು. ಕಂಪನಿಯ ಪರ ನಿಂತ ಕೊಡವರಿಗೆ ಮಾತ್ರ ಪದಕ ಸಿಕ್ಕಿತು. 1857ರಲ್ಲೂ ಅವರು ನಿಷ್ಠರಾಗಿದ್ದರು ಅಂತ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಹೌದು, ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್, ಅವರನ್ನು ಆಯುಧ ಕಾಯ್ದೆಯಿಂದ ಹೊರಗಿಟ್ಟ.

ಆ ವಿನಾಯಿತಿ ಇವತ್ತಿಗೂ ಉಂಟು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್ ಬೇಡ. 2019ರಲ್ಲಿ ಕೇಂದ್ರ ಸರಕಾರ ಅದನ್ನು ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರು ಒಬ್ಬ ನಿವೃತ್ತ ಸೇನಾಧಿಕಾರಿ ಎನ್ನುವುದು ಗಮನಿಸಬೇಕಾದ ವಿಷಯ. ಕೊಡವರನ್ನು ನಾನು ದೂರುತ್ತಿಲ್ಲ. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದಿಯ ತೆಂಗಿನಕಾಯಿಗೆ ಗುರಿ ಹೊಡೆಯುವುದು ಅವರಲ್ಲಿ ಹಬ್ಬ. ಅಲ್ಲಿ ಗುರಿ ಹೊಡೆಯುವುದಕ್ಕೊಂದು ಸಂಸ್ಕೃತಿಯೇ ಉಂಟು. ನನ್ನ ಪ್ರಶ್ನೆ ಅವರ ಬಗ್ಗೆ ಅಲ್ಲ, ನಮ್ಮ ಬಗ್ಗೆ.

1959ರ ಹೊಸ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13 ಓದಿ ನೋಡಿ, ಸ್ವಾರಸ್ಯವಾಗಿದೆ. ನಿಜವಾಗಿ ಬೆಳೆ ರಕ್ಷಣೆಗೆ ಅಂತ ಕೇಳುವ ಪ್ರಜೆಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು. ಅದು ಸಾಲದು ಅಂತ ಅಧಿಕಾರಿಗೆ ಅನ್ನಿಸಿದರೆ ಬೇರೆ ನಯನಳಿಗೆಯ ಕೋವಿಗೂ ಕೊಡಬಹುದು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿ ಅಭ್ಯಾಸಕ್ಕಾಗಿ ಪಾಯಿಂಟ್ 22 ರೈಫಲ್. ರೈತ ಮತ್ತು ಗುರಿಕಾರ ಇಬ್ಬರನ್ನೂ ಕಾಯ್ದೆ ಒಂದೇ ಸೆಕ್ಷನ್ನಿನಲ್ಲಿ ನೆನಪಿಟ್ಟುಕೊಂಡಿದೆ. ಕಾಗದದ ಮೇಲೆ ನಂಬಿಕೆ ಉಂಟು.

ಕಾಪುವಿನ ಕಡೆ ನಮಗೆ ಸಂಬಂಧದಲ್ಲಿ ಮಾವ ಆಗಬೇಕಾದ ಒಬ್ಬ ನಿವೃತ್ತ ಹವಾಲ್ದಾರರು ಇದ್ದಾರೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ್ದು ಉಡುಪಿಯಲ್ಲೇ ಅಲ್ವಾ. ಬ್ಯಾಂಕಿನ ಬಾಗಿಲಲ್ಲಿ ಜೋಡು ನಳಿಗೆ ಕೋವಿ ಹಿಡಿದು ನಿಲ್ಲುವ ಗನ್‌ಮ್ಯಾನ್ ಅಂದರೆ ಹೆಚ್ಚಾಗಿ ಮಾಜಿ ಸೈನಿಕನೇ. ಮಾವನೂ ಕೆಲವು ವರ್ಷ ಆ ಕೆಲಸ ಮಾಡಿದವರು. ಈಗ ಸಂಜೆ ಅಂಗಳದಲ್ಲಿ ಏರ್‌ಗನ್ ಹಿಡಿದು ರಟ್ಟಿನ ಗುರಿಗೆ ಹೊಡೆಯುವುದೇ ಹವ್ಯಾಸ. "ಸೈನ್ಯದಲ್ಲಿ ಗುಂಡು ಹೊಡೆದ್ರೆ ಮುಗೀಲಿಲ್ಲ ಮಾರಾಯ, ಖಾಲಿ ಖೋಖಾ ಎಲ್ಲ ಹೆಕ್ಕಿ ಲೆಕ್ಕ ಕೊಡ್ಬೇಕು. ಒಂದು ಕಮ್ಮಿ ಆದ್ರೆ ಹುಲ್ಲಲ್ಲಿ ಹುಡುಕ್ತಾ ಕೂತ್ಕೊಳ್ಳುದೇ" ಅಂತಾರೆ. ಅಷ್ಟು ಶಿಸ್ತು ಕಲಿತವರು. ದೇಶ ನಂಬಿ ಗಡಿಯಲ್ಲಿ ರೈಫಲ್ ಕೊಟ್ಟಿದ್ದ ಮನುಷ್ಯ ಚುನಾವಣೆ ಬಂದಾಗ ತನ್ನ ಲೈಸೆನ್ಸ್ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಯಲ್ಲಿ ಠೇವಣಿ ಇಡುವ ಸಾಲಿನಲ್ಲಿ ನಿಲ್ಲುತ್ತಾರೆ.

ಮಾವನಿಗೆ ಅದು ಅಭಿಮಾನದ ಪ್ರಶ್ನೆ, ಘಟ್ಟದ ಬುಡದ ರೈತನಿಗೆ ಹೊಟ್ಟೆಯ ಪ್ರಶ್ನೆ. 2024ರ ಲೋಕಸಭೆ ಚುನಾವಣೆಗೆ ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದರೂ ಎಣಿಕೆ ಆದದ್ದು ಜೂನ್ 4ಕ್ಕೆ. ಬೇಸಿಗೆಯಿಡೀ ತೋಟಕ್ಕೆ ಹಂದಿ, ಮಂಗ ಬರುವುದು ಆಯೋಗದ ವೇಳಾಪಟ್ಟಿ ನೋಡಿ ಅಲ್ಲ. ಹಂದಿ ಕೊಲ್ಲಲು ವನ್ಯಜೀವಿ ಕಾಯ್ದೆಯ ಅಡ್ಡಿ ಹೇಗೂ ಉಂಟು. ಆದರೆ ಒಂದು ಸದ್ದಿಗೆ ಓಡಿಹೋಗುವ ಪ್ರಾಣಿಗೆ ಆ ಸದ್ದೂ ಇಲ್ಲದ ಹಾಗಾಗುತ್ತದೆ.

ಸರಕಾರದ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ 2003ರ ನವೆಂಬರಿನಲ್ಲಿ ನಡೆದ ನಕ್ಸಲ್ ಎನ್‌ಕೌಂಟರ್ ನೆನಪಿರುವವರು ನಾವು. ತುಂಬಿಟ್ಟ ಕೋವಿ ಮನೆಯವರನ್ನೇ ಬಲಿ ತೆಗೆದುಕೊಳ್ಳುವುದೂ ಉಂಟು. ಕೊಡಗಿನ ಹಾಗೆ ನಮಗೂ ಲೈಸೆನ್ಸೇ ಬೇಡ ಅನ್ನುವ ವಾದ ನನ್ನದಲ್ಲ. ಪರವಾನಗಿ ಇರಲಿ, ತಪಾಸಣೆಯೂ ಇರಲಿ. ಯಾರ ಕೋವಿ ಠಾಣೆಗೆ ಬರಬೇಕು, ಯಾರದ್ದು ಬೇಡ ಅಂತ ನೋಡಲು ಚುನಾವಣೆ ಹೊತ್ತಿಗೆ ಜಿಲ್ಲೆಯಲ್ಲಿ ಸ್ಕ್ರೀನಿಂಗ್ ಸಮಿತಿ ಅಂತಲೇ ಇರುತ್ತದೆ. ಆ ಸಮಿತಿ ಒಬ್ಬೊಬ್ಬರ ಅರ್ಜಿಯನ್ನೂ ಓದಿ ತೀರ್ಮಾನಿಸಿದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

1861ರಲ್ಲಿ ಕಬ್ಬನ್ ಘಟ್ಟದ ಮೇಲಿನ ಒಂದು ಇಡೀ ಜನಾಂಗವನ್ನು ಒಟ್ಟಾಗಿ ನಂಬಿದ. ಕೆಳಗಿನವರನ್ನು ಇವತ್ತಿಗೂ ಚುನಾವಣೆ ಬಂದಾಗಲೆಲ್ಲ ಒಟ್ಟಾಗಿ ಸಂಶಯಿಸಲಾಗುತ್ತಿದೆ. ಎರಡರಲ್ಲೂ ಎದುರಿಗೆ ನಿಂತ ಮನುಷ್ಯನ ಮುಖ ನೋಡುವ ಕೆಲಸ ಆಗಲಿಲ್ಲ.