ಫರ್ನಾಂಡೊ ರೇ: ತಡವಾಗಿ ಬಂದ ಕೀರ್ತಿಯ ಕಾರಣಗಳು

ಸ್ಪೇನಿನ ನಟ ಫರ್ನಾಂಡೊ ರೇ (1917–1994) ಜಗತ್ತಿನ ಪ್ರೇಕ್ಷಕರಿಗೆ ಪರಿಚಿತರಾಗುವ ಹೊತ್ತಿಗೆ ವಯಸ್ಸು ಐವತ್ತು ದಾಟಿತ್ತು. ‘ದಿ ಫ್ರೆಂಚ್ ಕನೆಕ್ಷನ್’ (1971) ಚಿತ್ರಕ್ಕೆ ನಿರ್ದೇಶಕ ಫ್ರೀಡ್‌ಕಿನ್ ಬಯಸಿದ್ದು ನಟ ಫ್ರಾನ್ಸಿಸ್ಕೊ ರಬಾಲ್ ಅವರನ್ನು. ಗುರುತು ತಪ್ಪಿ ರೇ ಬಂದಿಳಿದರು. ಈ ಪ್ರಸಂಗವನ್ನೇ ಹೇಳಿ ಅವರ ಏಳಿಗೆಯನ್ನು ಅದೃಷ್ಟದ ಲೆಕ್ಕಕ್ಕೆ ಸೇರಿಸುವುದು ವಾಡಿಕೆ. ಆದರೆ ಈ ವಿಳಂಬದ ಬೇರುಗಳನ್ನು ಸರ್ವಾಧಿಕಾರಿ ಫ್ರಾಂಕೊ ಕಾಲದ ಚಿತ್ರೋದ್ಯಮದಲ್ಲಿ ಹುಡುಕಬೇಕೆಂಬುದು ನನ್ನ ವಾದ.

ಲಾ ಕೊರುನ್ಯಾದಲ್ಲಿ ಹುಟ್ಟಿದ ರೇ ವಾಸ್ತುಶಿಲ್ಪ ಓದುತ್ತಿದ್ದರು. 1936ರ ಅಂತರ್ಯುದ್ಧ ಆ ಓದನ್ನು ಕಡಿದುಹಾಕಿತು. ತಂದೆ ಗಣರಾಜ್ಯದ ಪರ ನಿಂತ ಸೇನಾಧಿಕಾರಿ, ಅಂದರೆ ಸೋತ ಪಕ್ಷದವರು. ಮಗ ಎಕ್ಸ್‌ಟ್ರಾ ನಟನಾಗಿ ಸಿನಿಮಾಕ್ಕೆ ಬಂದರು. 1941ರಲ್ಲಿ ವಿದೇಶಿ ಚಿತ್ರಗಳು ಸ್ಪ್ಯಾನಿಷ್‌ಗೆ ಡಬ್ ಆಗಲೇಬೇಕೆಂಬ ಆಜ್ಞೆ ಹೊರಟಿತು. ಹಾಗೆ ಬೆಳೆದ ಡಬ್ಬಿಂಗ್ ಕಸುಬು ರೇ ಅವರ ಗಂಭೀರ ಕಂಠಕ್ಕೆ ಕೆಲಸ ಕೊಟ್ಟಿತು. ಲಾರೆನ್ಸ್ ಒಲಿವಿಯರ್‌ಗೂ ಅವರು ದನಿಯಾದರು. ಬೆರ್ಲಾಂಗಾ ಅವರ ‘ಬಿಯೆನ್ವೆನಿದೊ, ಮಿಸ್ಟರ್ ಮಾರ್ಷಲ್’ (1953) ಚಿತ್ರದ ನಿರೂಪಣೆಯೂ ಅವರದೇ. ‘ಲೊಕುರಾ ದೆ ಅಮೋರ್’ನಲ್ಲಿ (1948) ರಾಜನ ಪಾತ್ರ ಸಿಕ್ಕಿತ್ತು ನಿಜ, ಆದರೆ ಇಂಥ ವೈಭವದ ಐತಿಹಾಸಿಕ ಚಿತ್ರಗಳು ನಟನಿಂದ ಠೀವಿಯನ್ನು ಬಯಸಿದಷ್ಟು ಅಂತರಂಗವನ್ನು ಬಯಸುತ್ತಿರಲಿಲ್ಲ.

ಆ ಅಂತರಂಗವನ್ನು ಕೇಳಿದವರು ನಿರ್ದೇಶಕ ಲೂಯಿಸ್ ಬುನ್ಯುಯೆಲ್. ‘ವಿರಿದಿಯಾನಾ’ದ (1961) ದೋನ್ ಹೈಮೆ ನೀರಲ್ಲಿ ಮುಳುಗುತ್ತಿರುವ ಜೇನ್ನೊಣವನ್ನು ಎತ್ತಿ ಬದುಕಿಸುತ್ತಾನೆ, ಸತ್ತ ಹೆಂಡತಿಯ ಮದುವೆಯ ಪಾದರಕ್ಷೆಯೊಳಗೆ ತನ್ನ ಪಾದ ತೂರಿಸುತ್ತಾನೆ, ಸನ್ಯಾಸಿನಿಯಾಗಲಿರುವ ಸೋದರ ಸೊಸೆಗೆ ಮಂಪರಿನ ಮದ್ದು ಕುಡಿಸುತ್ತಾನೆ. ನೇಣು ಹಾಕಿಕೊಳ್ಳುವ ಮುನ್ನ ಕಾಗದ ಬರೆಯುವಾಗ ಅವನ ತುಟಿಯಲ್ಲಿ ನಗೆ ಸುಳಿಯುತ್ತದೆ. ಕರುಣೆಗೂ ಕಾಮಕ್ಕೂ ರೇ ಇಲ್ಲಿ ಒಂದೇ ಮುಖಭಾವ ಇಟ್ಟುಕೊಳ್ಳುತ್ತಾರೆ, ಸಭ್ಯತೆ ಎಲ್ಲಿಯೂ ಕಳಚುವುದಿಲ್ಲ. ನನ್ನ ದೃಷ್ಟಿಯಲ್ಲಿ ಅವರ ಅತ್ಯುನ್ನತ ಅಭಿನಯ ಇದು. ‘ಫ್ರೆಂಚ್ ಕನೆಕ್ಷನ್’ನ ಮಾದಕವಸ್ತು ಸಾಗಣೆದಾರ ಶಾರ್ನಿಯೆಯ ನಯವೂ, ಬುನ್ಯುಯೆಲ್‌ರ 1972ರ ಚಿತ್ರದಲ್ಲಿ ಕೊಕೇನ್ ಸಾಗಿಸುವ ರಾಯಭಾರಿಯ ಶಿಷ್ಟಾಚಾರವೂ ಇದೇ ಮೂಲದಿಂದ ಬಂದವು.

‘ವಿರಿದಿಯಾನಾ’ ಕಾನ್‌ನಲ್ಲಿ ಅತ್ಯುಚ್ಚ ಪ್ರಶಸ್ತಿ ಹಂಚಿಕೊಂಡಿತು, ವ್ಯಾಟಿಕನ್ ಪತ್ರಿಕೆ ಖಂಡಿಸಿತು, ಸ್ಪೇನ್ ನಿಷೇಧಿಸಿತು. ತಾಯ್ನಾಡಿನ ಚಿತ್ರಮಂದಿರಗಳಿಗೆ ಅದು ಬಂದದ್ದು ಫ್ರಾಂಕೊ ಸತ್ತ ನಂತರ, 1977ರಲ್ಲಿ. ಅದೇ ವರ್ಷ ಕಾರ್ಲೋಸ್ ಸೌರಾ ಅವರ ‘ಎಲಿಸಾ, ವಿದಾ ಮಿಯಾ’ ಚಿತ್ರಕ್ಕಾಗಿ ರೇ ಕಾನ್‌ನ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ರೇ ದೋನ್ ಲೋಪೆಯಾಗಿ ನಟಿಸಿದ, ಬುನ್ಯುಯೆಲ್ ಟೊಲೆಡೊದಲ್ಲಿ ಚಿತ್ರೀಕರಿಸಿದ ‘ತ್ರಿಸ್ತಾನಾ’ ಮಾತ್ರ 1970ರಲ್ಲೇ ಅಲ್ಲಿ ತೆರೆಕಂಡಿತ್ತು. ಹೀಗಾಗಿ ಸ್ಪೇನಿನ ಸಾಮಾನ್ಯ ಪ್ರೇಕ್ಷಕ ಮುದಿ ದೋನ್ ಲೋಪೆಯನ್ನು ಮೊದಲು ಕಂಡ, ಅವನ ಪೂರ್ವಜನಾದ ದೋನ್ ಹೈಮೆಯನ್ನು ಏಳು ವರ್ಷ ತಡವಾಗಿ. ಚಿತ್ರಗಳು ತಯಾರಾದ ವರ್ಷಗಳ ಕ್ರಮದಲ್ಲಿ ರೇ ಅವರ ಬೆಳವಣಿಗೆಯನ್ನು ವಿವರಿಸುವ ವಿಮರ್ಶೆ ಪ್ಯಾರಿಸ್ಸಿನ ಪ್ರೇಕ್ಷಕನಿಗೆ ಒಪ್ಪುತ್ತದೆ, ಮ್ಯಾಡ್ರಿಡ್ಡಿನವನಿಗೆ ಒಪ್ಪುವುದಿಲ್ಲ.