ಹೂಳಿನ ಬಂಡಿಗೆ ಕೂಲಿ ಯಾರು ಕೊಡ್ತಾರೆ?

ಸರ್ಕ್ಯುಲರ್ ಎಕಾನಮಿ ಅನ್ನೋ ಪದ ಈಗ ಆಫೀಸಿನ ಪ್ರೆಸೆಂಟೇಶನ್‌ಗಳಲ್ಲಿ ಸಿಕ್ಕಾಪಟ್ಟೆ ಓಡಾಡ್ತಿದೆ. ಒಂದು ದುಂಡನೆಯ ಚಿತ್ರ, ಸುತ್ತ ಹಸಿರು ಬಾಣಗಳು. ಅದನ್ನು ನೋಡಿದಾಗೆಲ್ಲ ನನಗೆ ನೆನಪಾಗೋದು ನಮ್ಮ ಬಯಲುಸೀಮೆಯ ಕೆರೆಗಳು.

ಲೆಕ್ಕ ಸರಳ. ಮಳೆನೀರು ಹೊಲದ ಮೇಲ್ಮಣ್ಣನ್ನು ಕೊಚ್ಚಿಕೊಂಡು ಕೆರೆಗೆ ಬರುತ್ತೆ. ಮಣ್ಣು ತಳದಲ್ಲಿ ಕೂರುತ್ತೆ. ಹಾಗೇ ಬಿಟ್ಟರೆ ಕೆರೆಯಲ್ಲಿ ನೀರಿಗೇ ಜಾಗ ಇರಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಆ ಗೋಡುಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಸಾರ, ಕೆರೆಗೆ ಆಳ.

ಇದನ್ನು ಹಿರಿಯರ ಜಾಣ್ಮೆ ಅಂತ ಹೊಗಳಿ ಮುಗಿಸಿಬಿಡಬಹುದು. ಆದರೆ ಶಾಸನಗಳಲ್ಲಿ ನನಗೆ ಎದ್ದು ಕಾಣೋದು ಬಜೆಟ್. 1886ರಿಂದ ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಕೆರೆಗಾಗಿ ಬಿಟ್ಟ ಜಮೀನಿನ ವಿವರ ಮತ್ತೆ ಮತ್ತೆ ಬರುತ್ತೆ. ಕಟ್ಟುಕೊಡಗೆ, ದಶವಂದ, ಬಿತ್ತುವಟ್ಟ ಎಲ್ಲವೂ ಕೆರೆ ಕಟ್ಟುವ, ಕಾಪಾಡುವ ಕೆಲಸಕ್ಕೆ ಕೊಟ್ಟ ಭೂಮಿಯ ಹೆಸರುಗಳು. ಹೂಳು ಸಾಗಿಸುವ ಬಂಡಿಗೆ ಅಂತಲೇ ದತ್ತಿ ಬಿಟ್ಟದ್ದೂ ಉಂಟು. ನೀರು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಿಗುತ್ತಿತ್ತು. ಚಕ್ರ ತಾನಾಗೇ ತಿರುಗಲ್ಲ, ತಿರುಗಿಸುವವನ ಹೊಟ್ಟೆ ತುಂಬಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಮುಂದೆ ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳಿದ 1831–1881ರ ಕಾಲದಲ್ಲಿ ಕೆರೆಗಳ ಹೊಣೆ ನಿಧಾನವಾಗಿ ಸರ್ಕಾರಿ ಇಲಾಖೆಯತ್ತ ಸರಿಯಿತು. ಸ್ವಾತಂತ್ರ್ಯಾನಂತರ ಗೊಬ್ಬರ ಮೂಟೆಯಲ್ಲಿ ಬಂತು, ನೀರು ಬೋರ್‌ವೆಲ್‌ನಿಂದ ಬಂತು. ಹೂಳು ಹೊರುವ ದರ್ದು ಯಾರಿಗೂ ಉಳಿಯಲಿಲ್ಲ. ಕೆರೆಗಳು ತುಂಬಿದವು, ಮಣ್ಣಿನಿಂದ.

ಸಾಗಿಸುವ ಖರ್ಚು ಯಾರದು ಅನ್ನೋ ಇದೇ ಪ್ರಶ್ನೆ 2012ರಲ್ಲಿ ಬೆಂಗಳೂರಿಗೂ ಎದುರಾಯ್ತು. ಮಾವಳ್ಳಿಪುರದ ಕಸದ ಗುಡ್ಡ ಬಂದ್ ಆಗಿ ಬೀದಿಬೀದಿಯಲ್ಲಿ ಕಸ ಕೊಳೆಯಿತು. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ನಮಗೆಲ್ಲ ಹೇಳಿದ್ದು ಆಗಲೇ. ವಾರ್ಡ್‌ಗಳಲ್ಲಿ ಒಣ ಕಸದ ಕೇಂದ್ರಗಳು ಬಂದವು. ಹಲವನ್ನು ಚಿಂದಿ ಆಯುತ್ತಿದ್ದವರೇ ನಡೆಸತೊಡಗಿದರು. ಹಸಿ ಕಸ ಕಾಂಪೋಸ್ಟ್ ಆಯ್ತು, ಸರಿ. ಆದರೆ ಅದನ್ನು ರೈತನ ಹೊಲಕ್ಕೆ ಮುಟ್ಟಿಸೋದು ಹೇಗೆ? 2016ರಲ್ಲಿ ಕೇಂದ್ರ ಸರ್ಕಾರ ನಗರದ ಕಾಂಪೋಸ್ಟ್‌ಗೆ ಟನ್ನಿಗೆ 1500 ರೂಪಾಯಿ ಸಹಾಯಧನ ಘೋಷಿಸಿತು. ನನ್ನ ಕಣ್ಣಿಗೆ ಅದು ಹಳೆಯ ಬಂಡಿ ದತ್ತಿಯ ಹೊಸ ರೂಪ.

ಹಾಗಾಗಿ ನಾವು ಮಾಡಬಹುದಾದ್ದು ಮೂರು ಬಣ್ಣದ ಡಬ್ಬಿ ತರೋದಷ್ಟೇ ಅಲ್ಲ. ಅಪಾರ್ಟ್‌ಮೆಂಟಿನ ಮುಂದಿನ ಮೀಟಿಂಗ್‌ನಲ್ಲಿ ಕೇಳೋಣ: ನಮ್ಮ ಒಣ ಕಸ ಎಲ್ಲಿಗೆ ಹೋಗುತ್ತೆ? ನಮ್ಮ ಕಾಂಪೋಸ್ಟ್ ಯಾವ ಹೊಲ ಸೇರುತ್ತೆ? ಹೊರುವವರಿಗೆ ಎಷ್ಟು ಸಿಗುತ್ತೆ? ಉತ್ತರ ಸಿಗದಿದ್ದರೆ ಮೇಂಟೆನೆನ್ಸ್ ಬಿಲ್ಲಿನಲ್ಲಿ ‘ಬಂಡಿ ಕೂಲಿ’ ಅಂತ ಒಂದು ಸಾಲು ಸೇರಿಸೋಣ. ಕಲ್ಲಿನ ಮೇಲೆ ಕೆತ್ತಿಸುವ ಕಾಲದಿಂದಲೂ ಆ ಸಾಲು ಇದ್ದದ್ದೇ.